ಅತ್ತೆ ನುಂಗಿದ ನೂರು ಸುತ್ತು

ಅಳಿಯನದು ಔಷಧಿ ಅಂಗಡಿ. ಚೀಟಿಯಲ್ಲಿ ಬರೆದ ಮಾತ್ರೆ ಇಲ್ಲದಿದ್ದರೆ "ಕಂಪನಿ ಬೇರೆ, ಮದ್ದು ಅದೇ" ಅಂತ ಇನ್ನೊಂದು ಕೊಟ್ಟು ಕಳಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಇಷ್ಟು ವರ್ಷ ಯಾರೂ ಸತ್ತಿಲ್ಲ. ಅದೇ ಧೈರ್ಯ ನೋಡಿ, ಮಾವನ ಆಂಪ್ಲಿಫೈಯರಿಗೆ ಮುಳುವಾದದ್ದು.

ಅದು ಮಾವ ಕೈಯಾರೆ ಕಟ್ಟಿದ್ದು. ಮೇಲೆ ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವುಗಳು, ಹಿಂದೆ ಇಟ್ಟಿಗೆಯಷ್ಟು ದಪ್ಪದ ಟ್ರಾನ್ಸ್‌ಫಾರ್ಮರ್. ಅತ್ತೆ ತೀರಿಕೊಂಡ ಮೇಲೆ ಮಾವ ಪ್ರತಿ ಸಂಜೆ ಅದರ ಮುಂದೆ ಕುರ್ಚಿ ಹಾಕಿ ಕೂತರೆ ಕೂತರು. ಹಾಡು ಹಾಕದಿದ್ದರೂ ಸರಿಯೇ. ಅದು ಗುಂಯ್ ಅನ್ನುತ್ತಿತ್ತು, ಇವರು ಕೇಳುತ್ತಿದ್ದರು. ಅಳಿಯನಿಗೆ ಮಾತ್ರ ಆ ಗುಂಯ್ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಮಾವ ಒಂದು ವಾರ ತಂಗಿಯ ಮನೆಗೆ ಹೋದರು. ಅಷ್ಟರಲ್ಲಿ ವಾಲ್ವ್ ಬದಲಾಯಿಸಿ, ಸದ್ದಡಗಿಸಿ, ಶಭಾಶ್ ಅನ್ನಿಸಿಕೊಳ್ಳೋಣ ಅಂತ ಹೊರಟ ಪುಣ್ಯಾತ್ಮ.

ರೇಡಿಯೋ ಸಾಮಾನಿನ ಅಂಗಡಿಯಲ್ಲಿ ಆ ನಂಬರಿನ ವಾಲ್ವ್ ಇರಲಿಲ್ಲ. ಬೇರೊಂದರ ಪಿನ್ನು ಎಣಿಸಿದ. ಎಂಟಕ್ಕೆ ಎಂಟು! ಕಂಪನಿ ಬೇರೆ, ಮದ್ದು ಅದೇ.

ಸ್ವಿಚ್ ಹಾಕಿದ. ವಾಲ್ವಿನೊಳಗಿನ ತಗಡು ನಿಧಾನವಾಗಿ ಕೆಂಪಾಯಿತು. "ಎಷ್ಟು ಚೆನ್ನಾಗಿದೆ ಬಂದು ನೋಡೇ!" ಅಂತ ಹೆಂಡತಿಯನ್ನು ಕರೆದ. ಪರದೆ ಎಳೆದು ಕತ್ತಲು ಮಾಡಿದರು. ಪಕ್ಕದ ಮನೆಯವರೂ ಬಂದರು. ಕೆಂಪಿನ ಮುಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡರು. ಕೆಂಪು ಇನ್ನೂ ಕೆಂಪಾಯಿತು. ಯಾರೋ ಚಪ್ಪಾಳೆ ಬೇರೆ ತಟ್ಟಿದರು. ಆಮೇಲೆ ಢಬ್! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊಗೆಯ ನಡುವೆ ನಿಂತ ಅಳಿಯನಿಗೆ ಒಂದೇ ಚಿಂತೆ: ಭಾನುವಾರ ಮಾವ ಬರುತ್ತಾರೆ, ಅವರಿಗೆ ಇರುವುದು ಇದೊಂದೇ.

ಅದನ್ನು ಹೊತ್ತುಕೊಂಡು ಹೋದರೆ ರಿಪೇರಿಯವರು ಅಳಿಯನ ಮುಖವನ್ನೂ ನೋಡಲಿಲ್ಲ. ನೇರ ಆಂಪ್ಲಿಫೈಯರನ್ನೇ ಮಾತಾಡಿಸಿದರು. "ಯಾರಪ್ಪಾ ನಿನಗೆ ಇದನ್ನ ತಿನ್ನಿಸಿದ್ದು?"

"ನಾನೇ. ಕೆಂಪಗೆ ಚೆನ್ನಾಗಿತ್ತು..."

"ಅದು ಜೀವ ಹೋಗೋ ಕೆಂಪು ಸ್ವಾಮಿ! ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ್ರಾ?"

ಸುಟ್ಟ ಟ್ರಾನ್ಸ್‌ಫಾರ್ಮರಿನ ತಂತಿ ಬಿಚ್ಚಿ ಎಣಿಸಿದರು. ಒಂದು ಪಾಲಿನಲ್ಲಿ ಸಾವಿರದ ಇನ್ನೂರು ಸುತ್ತು, ಇನ್ನೊಂದರಲ್ಲಿ ಸಾವಿರದ ನೂರು. "ಎರಡೂ ಸಮ ಇರಬೇಕು. ಅದಕ್ಕೇ ಗುಂಯ್ ಅಂತಿತ್ತು. ಕಟ್ಟಿದೋರಿಗೆ ಎಣಿಸೋಕೆ ಬರ್ತಿರಲಿಲ್ವೇನೋ." ಲೆಕ್ಕ ಸರಿಮಾಡಿ ಸುತ್ತಿ, ಸರಿಯಾದ ವಾಲ್ವ್ ಹುಡುಕಿ ತಂದು ಹಾಕಿಕೊಟ್ಟರು. ಗುಂಯ್ ಪೂರ್ತಿ ಮಾಯ! ಸದ್ಯ, ಬದುಕಿದೆ ಅಂದುಕೊಂಡ ಅಳಿಯ.

ಭಾನುವಾರ ಮಾವ ಕೈಯಲ್ಲಿನ ಚೀಲವನ್ನೂ ಇಳಿಸದೆ ಸ್ವಿಚ್ ಹಾಕಿದರು. ಕಾದರು. ಬಗ್ಗಿ ಕಿವಿ ಕೊಟ್ಟರು.

"ಎಲ್ಲಿ?"

"ಏನು ಮಾವ?"

"ನಿಮ್ಮತ್ತೆ."

ಅಳಿಯ ಎಲ್ಲ ಒಪ್ಪಿಕೊಂಡ, ಫೋಟೋ ತೆಗೆಸಿಕೊಂಡಿದ್ದನ್ನೂ ಸೇರಿಸಿ.

ಮಾವ ಬೈಯಲಿಲ್ಲ; ಬೈದಿದ್ದರೆ ವಾಸಿಯಿತ್ತು. "ಅವತ್ತು ನಾನು ಸುತ್ತುತ್ತಿದ್ದೆ, ಅವಳು ಎಣಿಸುತ್ತಿದ್ದಳು. ಒಲೆ ಮೇಲೆ ಹಾಲಿತ್ತು. ಆರುನೂರ ತೊಂಬತ್ತೊಂಬತ್ತು ಆದಮೇಲೆ ಎಂಟುನೂರು ಅಂದಳು, ಹಾಲು ಉಕ್ಕೀತು ಅಂತ. ನನಗೆ ಗೊತ್ತಾಯಿತು, ಸುಮ್ಮನಿದ್ದೆ. ಸದ್ದು ಬಂದಾಗೆಲ್ಲ ಜಗಳ. 'ನನ್ನ ಲೆಕ್ಕ ಸರಿಯಿದೆ, ನಿಮ್ಮ ಕೈಯೇ ಸರಿಯಿಲ್ಲ' ಅಂತ ನಲವತ್ತು ವರ್ಷ ವಾದ ಮಾಡಿದಳು, ಅಳಿಯಂದ್ರೆ." ಮಾವನ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆಯೇ ಅಳಿಯ ಮತ್ತೆ ನೂರು ಸುತ್ತು ಕಮ್ಮಿ ಮಾಡಿಕೊಡಿ ಅಂತ ರಿಪೇರಿಯವರ ಹತ್ತಿರ ಓಡಿದ. "ಬೇಕಂತಲೇ ತಪ್ಪು ಸುತ್ತಲಾ? ನನ್ನ ಹೆಸರು ಮಣ್ಣಾಗುತ್ತೆ!" ಅಂತ ರಿಪೇರಿಯವರು ತಂತಿಯನ್ನೂ ಸುತ್ತುವ ಯಂತ್ರವನ್ನೂ ಅವನ ತಲೆಗೇ ಕಟ್ಟಿದರು. ಕೊನೆಯ ಬೆಸುಗೆಗೆ ಮಾತ್ರ ಬರುತ್ತೇನೆ ಅಂದರು.

ಊಟದ ಮೇಜಿನ ಮೇಲೆ ಅಳಿಯ ಹಿಡಿ ತಿರುಗಿಸಿದ, ಹೆಂಡತಿ ಎಣಿಸಿದಳು. ಮೊದಲ ಪಾಲು ಸರಿಯಾಗಿ ಮುಗಿಯಿತು. ಎರಡನೆಯದರಲ್ಲಿ ಆರುನೂರ ತೊಂಬತ್ತೊಂಬತ್ತಕ್ಕೆ ಅವಳು ನಿಲ್ಲಿಸಿದಳು. ಪಕ್ಕದಲ್ಲಿ ಕೂತಿದ್ದ ಅಪ್ಪನ ಮುಖ ನೋಡಿ, "ಎಂಟುನೂರು" ಅಂದಳು.

ಸಂಜೆ ರಿಪೇರಿಯವರು ಮುಖ ಸಿಂಡರಿಸಿಕೊಂಡೇ ಬೆಸುಗೆ ಹಾಕಿ ಸ್ವಿಚ್ ಒತ್ತಿದರು. ವಾಲ್ವ್ ಬಿಸಿಯಾಯಿತು. ಗುಂಯ್...

ಮಾವ ಕುರ್ಚಿ ಎಳೆದುಕೊಂಡು ಕೂತರು. "ನಿನ್ನ ಲೆಕ್ಕ ಸರಿಯಿತ್ತು ಕಣೇ," ಅಂದರು. "ನನ್ನ ಕೈಯೇ ಸರಿಯಿರಲಿಲ್ಲ."