ಒಳಮೂಲೆ

"ತಲೆ ಕಡೆ ಸ್ವಲ್ಪ ಎತ್ತಿ. ಇನ್ನೂ ಸ್ವಲ್ಪ. ಗೋಡೆಗೆ ತಾಗ್ತಿದೆ."

ಮೂರನೆಯ ಮಹಡಿಯಿಂದ ದೇಹವನ್ನು ಇಳಿಸುತ್ತಿದ್ದವರು ಮೆಟ್ಟಿಲು ತಿರುಗುವ ಕಡೆ ಸಿಕ್ಕಿಹಾಕಿಕೊಂಡಿದ್ದರು. ಸ್ಟ್ರೆಚರ್ ಉದ್ದ, ತಿರುವು ಇಕ್ಕಟ್ಟು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಇಂಥ ಮೆಟ್ಟಿಲು ಕಟ್ಟಿದ ಪುಣ್ಯಾತ್ಮ ಯಾರೋ ಎಂದು ಪಕ್ಕದ ಮನೆಯವರು ಏದುಸಿರು ಬಿಡುತ್ತ ಗೊಣಗಿದರು.

"ಅಮ್ಮ ಆಗಿದ್ರೆ ಯಾರು ಕಟ್ಟಿದ್ದು ಅಂತ ಕೇಳ್ತಿರಲಿಲ್ಲ," ಎಂದಳು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಮಗಳು. "ಎಲ್ಲಿ ತಗಲಿದೆ ನೋಡಿ ಅಂತಿದ್ಲು."

ಅವಳ ತಂದೆ ಬಗ್ಗಿ ನೋಡಿದರು. ಸ್ಟ್ರೆಚರಿನ ಹಿಡಿ ಕಂಬಿಗೆ ಸಿಕ್ಕಿಕೊಂಡಿತ್ತು. ಬದುಕಿಡೀ ಯಂತ್ರಭಾಗಗಳ ನಕ್ಷೆ ಬರೆದ ಮನುಷ್ಯ. ಯಾವುದನ್ನು ಎತ್ತ ಓರೆ ಮಾಡಿದರೆ ಯಾವುದು ಬಿಡಿಸಿಕೊಳ್ಳುತ್ತದೆಂದು ಹೊಳೆಯಲು ಹೊತ್ತು ಹಿಡಿಯಲಿಲ್ಲ. ಕಾಲಿನ ಕಡೆಯವರನ್ನು ಒಂದು ಮೆಟ್ಟಿಲು ಮೇಲೆ ಬರಹೇಳಿ, ಬಲಕ್ಕೆ ವಾಲಿಸಲು ಹೇಳಿದರು. ಹೆಂಡತಿ ಮೆತ್ತಗೆ ತಿರುವು ದಾಟಿದಳು.

"ಹಾಂ, ಈಗ ಸರಿ," ಎಂದರು. ಯಾರಿಗೆ ಹೇಳಿದರೋ.

*

ಆಕೆ ಬಸ್ಸು ಕಟ್ಟುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಎಂಜಿನಿಯರ್ ಆಗಿದ್ದಳು. ಮುರಿದ ಅಚ್ಚು, ಸೀಳಿದ ಸ್ಪ್ರಿಂಗು, ತುಂಡಾದ ಬೋಲ್ಟು ಎಲ್ಲವೂ ಆಕೆಯ ಮೇಜಿಗೆ ಬರುತ್ತಿದ್ದವು. ಯಾಕೆ ಮುರಿಯಿತು ಎಂದು ಹೇಳುವುದೇ ಕೆಲಸ. ಜೊತೆಯವರು ಬೆನ್ನ ಹಿಂದೆ ಬಿರುಕಮ್ಮ ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದ ದಿನದಿಂದ ಆಕೆಯೇ ಫೋನೆತ್ತಿ "ಬಿರುಕಮ್ಮ ಮಾತಾಡ್ತಿದೀನಿ" ಎನ್ನತೊಡಗಿದಳು. ಗುಟ್ಟಿನ ಮಜಾ ಹೋಯಿತು, ಹೆಸರು ಉಳಿಯಿತು.

ಮನೆಯಲ್ಲೂ ಅದೇ ಚಾಳಿ. ಕುರ್ಚಿ ಕೊಳ್ಳಲು ಹೋದರೆ ಕೂತು ನೋಡುವವಳಲ್ಲ. ತಲೆಕೆಳಗು ಮಾಡಿ, ಕಾಲು ಸೇರುವ ಜಾಗವನ್ನು ಉಗುರಿನಿಂದ ಗೀರಿ ನೋಡುವಳು. ಅಂಗಡಿಯವನು ಗಂಡನ ಮುಖ ನೋಡುವನು, ಗಂಡ ಬೀದಿ ನೋಡುವರು. ಮಗಳು ಬಕೆಟ್ಟಿನ ಹಿಡಿ ಮುರಿದು ಬೈಗುಳಕ್ಕೆ ಕಾದು ನಿಂತಾಗ, ಎರಡು ತುಂಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿಂದ ಶುರುವಾಗಿದೆ ಹೇಳು ನೋಡೋಣ ಎಂದು ಅವಳನ್ನೇ ಕೇಳಿದ್ದಳು.

"ಮುರಿದದ್ದು ಇವತ್ತು ಕಣೇ. ಶುರುವಾದದ್ದು ಯಾವತ್ತೋ."

*

ಚಿತಾಗಾರದಲ್ಲಿ ಇನ್ನೊಂದು ಕುಟುಂಬದ ಸರದಿ ಮುಗಿದಿರಲಿಲ್ಲ. ಎಲ್ಲರೂ ಹೊರಗಿನ ಹಜಾರದ ಬೆಂಚುಗಳಲ್ಲಿ ಕಾದರು. ಮುರಿದ ಭಾಗಗಳ ಚಿತ್ರ ತೆಗೆಯಲು ಪ್ರಯೋಗಾಲಯದಲ್ಲಿದ್ದ ಹಳೆಯ ಫೋಟೋಗ್ರಾಫರ್ ಮಗಳ ಪಕ್ಕದಲ್ಲಿ ಕೂತು, ಕಾರ್ಖಾನೆಗೆ ಕಂಪ್ಯೂಟರ್ ಬಂದ ಕತೆ ಹೇಳುತ್ತಿದ್ದರು. ಹೊಸ ಎಂಜಿನಿಯರುಗಳು ಪರದೆಯ ಮೇಲೆ ಒತ್ತಡ ಹೆಚ್ಚಿರುವಲ್ಲಿ ಕೆಂಪು, ಕಡಿಮೆ ಇರುವಲ್ಲಿ ನೀಲಿ ಮೂಡಿಸಿ ತೋರಿಸಿದರೆ ಆಕೆಗೆ ಮಕ್ಕಳಂತೆ ಸಂಭ್ರಮವಂತೆ. ನೋಡಿ ನೋಡಿ ಕೊನೆಗೆ, ಬಣ್ಣ ಚೆನ್ನಾಗಿದೆ, ಭಾರ ಎಲ್ಲಿ ಹಾಕಿದೀರಿ ಎನ್ನುತ್ತಿದ್ದಳಂತೆ. ಅರ್ಧಕ್ಕರ್ಧ ಸಲ ಅವರು ತಲೆ ಕೆರೆದುಕೊಂಡು ವಾಪಸು ಹೋಗುತ್ತಿದ್ದರಂತೆ.

ಹೇಳುತ್ತ ಹೇಳುತ್ತ ಅವರ ಮಾತು ನಿಂತಿತು. ಬಾಗಿಲಲ್ಲಿ ಒಬ್ಬ ಮುದುಕ, ಒಂದು ಕಾಲು ಸ್ವಲ್ಪ ಎಳೆಯುತ್ತ, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದ.

"ಆ ಬಸ್ಸಿನ ಡ್ರೈವರ್ ಅಲ್ವಾ," ಎಂದರು ಫೋಟೋಗ್ರಾಫರ್, ತಗ್ಗಿದ ದನಿಯಲ್ಲಿ.

ಯಾವ ಬಸ್ಸು ಎಂದು ಮಗಳು ಕೇಳಬೇಕಾಗಿರಲಿಲ್ಲ. ಅವಳು ತಂದೆಯ ಕಡೆ ನೋಡಿದಳು. ಅವರು ಆಗಲೇ ಎದ್ದು ನಿಂತಿದ್ದರು.

*

ಮಗಳು ಚಿಕ್ಕವಳಿದ್ದಾಗ ಒಂದು ಬಸ್ಸು ತಿರುವಿನಲ್ಲಿ ರಸ್ತೆ ಬಿಟ್ಟು ಮರಕ್ಕೆ ಗುದ್ದಿತ್ತು. ಜೀವ ಹೋಗಲಿಲ್ಲ, ಹಲವರ ಕೈಕಾಲು ಮುರಿದವು. ಡ್ರೈವರ್ ತೂಕಡಿಸಿದ ಎಂದು ಅವನನ್ನು ಕೆಲಸದಿಂದ ನಿಲ್ಲಿಸಿದರು. ಸ್ಟೇರಿಂಗ್ ತಿರುಗಿಸಿದರೂ ಚಕ್ರ ತಿರುಗಲಿಲ್ಲ ಎಂದು ಅವನು ಬಾಯಿ ಬಡಿದುಕೊಂಡ. ಸ್ಟೇರಿಂಗನ್ನೂ ಚಕ್ರವನ್ನೂ ಸೇರಿಸುವ ಉಕ್ಕಿನ ತೋಳು ಎರಡು ತುಂಡಾಗಿದ್ದುದು ನಿಜ. ಅದು ಮರಕ್ಕೆ ಗುದ್ದಿದ ಏಟಿಗೆ ಮುರಿದದ್ದು ಎಂದರು ಮೇಲಿನವರು.

ತುಂಡುಗಳು ಆಕೆಯ ಮೇಜಿಗೆ ಬಂದವು. ಒಂದೇ ಏಟಿಗೆ ಮುರಿದಿದ್ದರೆ ಮುರಿದ ಜಾಗವೆಲ್ಲ ಒರಟಾಗಿರಬೇಕಿತ್ತು. ಇಲ್ಲಿ ಬಹುಪಾಲು ನಯವಾಗಿತ್ತು. ನೀರು ಇಳಿದ ಕೆರೆಯ ದಂಡೆಯಲ್ಲಿ ಉಳಿಯುವಂಥ ಗೆರೆಗಳು ಸಾಲಾಗಿ ಕಾಣುತ್ತಿದ್ದವು. ಬಿರುಕು ಪ್ರತಿ ತಿರುವಿಗೂ ಕೂದಲೆಳೆಯಷ್ಟು ಬೆಳೆಯುತ್ತ ಬಂದು, ಉಳಿದ ಚೂರು ಆ ದಿನ ಕೈಬಿಟ್ಟಿತ್ತು. ಗೆರೆಗಳೆಲ್ಲ ಹೊರಟದ್ದು ಒಂದೇ ಕಡೆಯಿಂದ, ದಪ್ಪ ಭಾಗ ಸಣ್ಣದಾಗುವಲ್ಲಿನ ಒಳಮೂಲೆಯಿಂದ. ಆ ಮೂಲೆ ಚೂಪಾಗಿತ್ತು. ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಅದನ್ನು ಬರೆದವರು ಆಕೆಯ ಗಂಡ.

ಈ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸು ಎಂದು ಅವರು ಕೇಳಿಕೊಂಡರು. ಆಗದು ಎಂದು ಆಕೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ನಾಳೆ ನನ್ನ ಜೊತೆ ಬನ್ನಿ, ನೋಡಿದ ಮೇಲೆ ಮಾತಾಡಿ ಎಂದಳು.

ಮರುದಿನ ಪ್ರಯೋಗಾಲಯದ ಕಿಟಕಿಗಳಿಗೆ ಪರದೆ ಎಳೆದು ಒಂದು ದೀಪ ಹಾಕಿದಳು. ಆ ತೋಳಿನ ಆಕಾರಕ್ಕೇ ಕತ್ತರಿಸಿದ, ಗಾಜಿನಷ್ಟು ತಿಳಿಯಾದ ಪ್ಲಾಸ್ಟಿಕ್ ಹಲಗೆಯನ್ನು ಬೆಳಕನ್ನು ಸೋಸುವ ಎರಡು ಕಪ್ಪು ಗಾಜುಗಳ ನಡುವೆ ನಿಲ್ಲಿಸಿ, ತುದಿಗೆ ಭಾರ ತೂಗಿಬಿಟ್ಟಳು. ಏನೂ ಇಲ್ಲದ ಹಲಗೆಯೊಳಗೆ ಬಣ್ಣದ ಪಟ್ಟೆಗಳು ಎದ್ದವು. ಒತ್ತಡ ಕಡಿಮೆ ಇದ್ದಲ್ಲಿ ಅವು ಅಗಲವಾಗಿ, ಆರಾಮಾಗಿ ಹರಡಿಕೊಂಡಿದ್ದವು. ಒಳಮೂಲೆಯ ಹತ್ತಿರ ಮಾತ್ರ ಕಿರಿದಾದ ಬಾಗಿಲಿಗೆ ನುಗ್ಗಿದ ಜನರಂತೆ ಒಂದನ್ನೊಂದು ನೂಕುತ್ತ ಒತ್ತೊತ್ತಾಗಿ ನಿಂತಿದ್ದವು.

ಅವರು ಬಹಳ ಹೊತ್ತು ನೋಡಿದರು. ನೋಡಲು ಚೆಂದವಾಗಿತ್ತು, ಅದೇ ಹೆಚ್ಚು ನೋಯಿಸಿತು.

"ಇದ್ದದ್ದು ಇದ್ದ ಹಾಗೆ ಬರಿ," ಎಂದರು ಕೊನೆಗೆ. "ಎದೆಗೆ ಒದ್ದರೆ ಒದೀಲಿ."

ಆಕೆ ಬರೆದಳು. ಓಡುತ್ತಿದ್ದ ಬಸ್ಸುಗಳನ್ನೆಲ್ಲ ಕರೆಸಿ ನೋಡಿದಾಗ ಇನ್ನೂ ಕೆಲವು ತೋಳುಗಳ ಅದೇ ಮೂಲೆಯಲ್ಲಿ ಬಿರುಕು ಸಿಕ್ಕಿತು. ಡ್ರೈವರ್ ಕೆಲಸಕ್ಕೆ ಮರಳಿದ. ಗಂಡನನ್ನು ನಕ್ಷೆ ವಿಭಾಗದಿಂದ ಉಗ್ರಾಣಕ್ಕೆ ಹಾಕಿದರು. ಆ ಚಳಿಗಾಲವಿಡೀ ಮನೆಯಲ್ಲಿ ಮಾತೆಂದರೆ ಉಪ್ಪು, ಸಾಬೂನು, ಮಗಳ ಶಾಲೆ. ಕ್ಷಮಿಸಿ ಎಂದು ಆಕೆ ಹೇಳಲಿಲ್ಲ. ಹೇಳಲಿ ಎಂದು ಅವರೂ ಕಾಯಲಿಲ್ಲ.

ಒಂದು ಭಾನುವಾರ ಅವರು ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಹಾಸಿದರು. ಅದೇ ತೋಳು. ಒಳಮೂಲೆಯನ್ನು ದುಂಡಗೆ ಮಾಡಿದ್ದರು. ಇಷ್ಟು ಸಾಕಾ ಎಂದು ಕೇಳಿದರು. ಆಕೆ ಒದ್ದೆ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ನೋಡಿ, ಇನ್ನೂ ಸ್ವಲ್ಪ ಎಂದಳು. ಅವರು ಅಳಿಸಿ ಬರೆದರು. ಆಕೆ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಒಲೆಯ ಮೇಲಿದ್ದದ್ದು ಅಂದು ಸೀದು ಹೋಯಿತು. ಅವರು ನಕ್ಷೆ ವಿಭಾಗಕ್ಕೆ ವಾಪಸಾದ ಮೇಲೂ, ಆ ಮೇಜಿಗೆ ಬಾರದ ಅವರ ಯಾವ ನಕ್ಷೆಯೂ ಕಾರ್ಖಾನೆಗೆ ಹೋಗಲಿಲ್ಲ.

*

ಡ್ರೈವರ್ ಹತ್ತಿರ ಬಂದು ಕೈಮುಗಿದ. ವಿಷಯ ತಡವಾಗಿ ಗೊತ್ತಾಯಿತು ಎಂದ. ಮಗಳು ಜಾಗ ಬಿಟ್ಟುಕೊಟ್ಟರೂ ಕೂರಲಿಲ್ಲ.

"ಆ ಬಸ್ಸಿನ ಮುರಿದ ತೋಳಿನ ನಕ್ಷೆ ನಂದು," ಎಂದರು ಗಂಡ. "ನಿಮಗೆ ಗೊತ್ತಿರ್ಲಿಕ್ಕಿಲ್ಲ."

"ಗೊತ್ತು ಸ್ವಾಮಿ. ಅಮ್ಮಾವ್ರೇ ಹೇಳಿದ್ರು."

ವರದಿ ಕೊಡುವ ಮೊದಲೇ ಆಕೆ ಅವನ ಮನೆಗೆ ಹೋಗಿದ್ದಳಂತೆ. ಅವನು ಮುರಿದ ಕಾಲು ಕಟ್ಟಿಸಿಕೊಂಡು ಮಲಗಿದ್ದನಂತೆ. ತಪ್ಪು ನಿನ್ನದಲ್ಲ ಎಂದು ಕೇಳಿ ಮೊದಲು ಅತ್ತನಂತೆ. ಆಮೇಲೆ ಸಿಟ್ಟು ನೆತ್ತಿಗೇರಿ, ನಕ್ಷೆ ಬರೆದವನು ಯಾರು ಹೇಳಿ, ಕುಂಟಿಕೊಂಡಾದರೂ ಹೋಗಿ ಅವನ ಬಾಗಿಲಲ್ಲಿ ನಿಲ್ಲುತ್ತೇನೆ ಎಂದು ಕೂಗಾಡಿದನಂತೆ.

"ಅದಕ್ಕೇನಂದ್ಲು?"

"ನಮ್ಮ ಯಜಮಾನ್ರು ಅಂದ್ರು. ಕೆಟ್ಟವರಲ್ಲ, ಮೂಲೆ ಚೂಪಾಗಿತ್ತು ಅಷ್ಟೇ, ವಿಳಾಸ ಬೇಕಾದ್ರೆ ಬರ್ಕೊಳ್ಳಿ ಅಂದ್ರು." ಡ್ರೈವರ್ ನೆಲ ನೋಡುತ್ತ ನಕ್ಕ. "ಹಾಗೆ ವಿಳಾಸ ಕೊಟ್ಮೇಲೆ ಜಗಳಕ್ಕೆ ಹೇಗೆ ಬರೋದು ಸ್ವಾಮಿ?"

ಗಂಡನೂ ನಕ್ಕರು. ನಗು ಎಲ್ಲೋ ಅರ್ಧದಲ್ಲಿ ಬೇರೆ ಏನೋ ಆಯಿತು. ಬೆಳಗಿನಿಂದ ಒಣಗಿದ್ದ ಅವರ ಕಣ್ಣು ಅಲ್ಲಿ ಹರಿಯಿತು. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡರೂ ಆಕೆ ಈ ಸುದ್ದಿ ಎತ್ತಿರಲಿಲ್ಲ. ಮಗಳು ತಂದೆಯ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಎತ್ತುವವರಲ್ಲಿ ಒಬ್ಬನಾಗಿ ಡ್ರೈವರ್ ತಾನೂ ಹೆಗಲು ಕೊಟ್ಟ. ಕಾಲಿನ ನೆಪ ಹೇಳಿ ಯಾರೂ ತಡೆಯಲಿಲ್ಲ.

ಎಲ್ಲ ಮುಗಿದ ಮೇಲೆ ಮಗಳು ಕಾರು ತರಲು ಹೊರಟಳು. ನೀವೆಲ್ಲ ನಡೀರಿ, ನಾನು ಇವರ ಜೊತೆ ಬಸ್ಸಿನಲ್ಲಿ ಬರುತ್ತೇನೆ ಎಂದರು ತಂದೆ. ಅವಳು ಒಂದು ಕ್ಷಣ ಅನುಮಾನಿಸಿ, ಸರಿ ಅಪ್ಪ ಎಂದಳು.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತರು. ದೊಡ್ಡ ತಿರುವು ಎದುರಾದಾಗ ಹಳೆಯ ಡ್ರೈವರನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು, ಬ್ರೇಕು ಅಲ್ಲೇ ಇದೆ ಎಂಬಂತೆ. ಬಸ್ಸು ಸಲೀಸಾಗಿ ತಿರುಗಿಕೊಂಡಿತು. ಆತ ನಾಚಿಕೊಂಡು, ಕಂಡರೇನೋ ಎಂದು ಪಕ್ಕಕ್ಕೆ ನೋಡಿದ. ಪಕ್ಕದವರ ಕಾಲು ಇನ್ನೂ ನೆಲವನ್ನು ಬಲವಾಗಿ ಒತ್ತಿಕೊಂಡೇ ಇತ್ತು.