ಆಸಿಫನ ಕಾಲೇಜಿಗೆ ಇಸ್ಮಾಯಿಲನ ಸಹಿ

ಯಾಸ್ಮಿನಳ ನಿಶ್ಚಯದ ಊಟಕ್ಕೆ ಹೊರಟಾಗ ಶಮಶಾದಬಿಗೆ ಜಗಳ ಆಡುವ ವಿಚಾರ ಇರಲಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ಟ್ರಂಕಿನೊಳಗಿನ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು, ಉಣ್ಣಬೇಕು, ಹುಡುಗಿಗೆ ದುವಾ ಮಾಡಬೇಕು, ಮನೆಗೆ ಬರಬೇಕು, ಇಷ್ಟೇ ಅಂದುಕೊಂಡಿದ್ದಳು. ಆದರೆ ಅದು ಇಸ್ಮಾಯಿಲನ ಮನೆ.

ಇಸ್ಮಾಯಿಲ ಅವಳ ಮೈದುನನ ಮಗ, ಯಾಸ್ಮಿನಳ ತಂದೆ. ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅವನದು ಪಂಪು, ಪೈಪುಗಳ ಅಂಗಡಿ. ಮಗ ಆಸಿಫನನ್ನು ಡೊನೇಶನ್ ಕೊಟ್ಟು ಬೆಂಗಳೂರಿನ ಭಾರಿ ಹೆಸರಿನ ಇಂಜಿನಿಯರಿಂಗ್ ಕಾಲೇಜಿಗೆ ಹಾಕಿದ್ದ. ಅಂಗಡಿಗೆ ಒಂದು ವಾಶರ್ ಕೇಳಲು ಬಂದ ಗಿರಾಕಿಯೂ ಆ ಕಾಲೇಜಿನ ಹೆಸರು ಕೇಳಿಕೊಂಡೇ ಹೋಗಬೇಕು, ಹಾಗಿತ್ತು.

ಬೀಗರ ಕಡೆಯ ಹೆಣ್ಣುಮಕ್ಕಳು ಇನ್ನೂ ಉಣ್ಣುತ್ತಿದ್ದಾಗ ಇಸ್ಮಾಯಿಲ ಪಡಸಾಲೆಗೆ ಬಂದು, ಶಮಶಾದಬಿಯ ಕುರ್ಚಿಯ ಹತ್ತಿರ ನಿಂತ.

"ದೊಡ್ಡವ್ವ, ನಮ್ಮ ಹುಮಾಂದು ಎಲ್ಲಿಗೆ ಆತು?"

ಗೊತ್ತಿದ್ದೂ ಕೇಳಿದ್ದು. ಹುಮಾ ಅವಳ ಮೊಮ್ಮಗಳು, ಮಗ ಮಹಮ್ಮದಹನೀಫನ ಒಬ್ಬಳೇ ಮಗಳು. ಸಿಇಟಿಯಲ್ಲಿ ಅವಳಿಗೆ ಸರಕಾರಿ ಕೋಟಾದ ಸೀಟು ಬಂದದ್ದು ವಾರದ ಹಿಂದೆಯೇ ಓಣಿಗೆಲ್ಲ ತಿಳಿದಿತ್ತು.

"ವಿಜಯಪುರಕ್ಕ," ಅಂದಳು ಶಮಶಾದಬಿ.

"ಅಂದ್ರ ದಿನಾ ಬಸ್ಸಿನ್ಯಾಗ? ಡಬ್ಬಿ ಕಟಗೊಂಡು?" ಇಸ್ಮಾಯಿಲ ಬೀಗರ ಕಡೆ ತಿರುಗಿದ. "ಛಲೋ ಆತು ಬಿಡ್ರಿ. ಮುಂಜಾನಿ ಇಂಜಿನಿಯರ್, ಸಂಜೀಕ ಮತ್ತ ರೊಟ್ಟಿ ಬಡ್ಯಾಕ ಮನಿಗೆ."

ಬೀಗಿತಿಯರು ನಕ್ಕರು. ಒಬ್ಬಳಂತೂ, "ಅಲ್ಲೂ ಇಂಜಿನಿಯರಿಂಗ್ ಕಾಲೇಜ್ ಐತೇನ್ರಿ?" ಅಂತ ಬಾಯಿಗೆ ಸೆರಗು ಹಿಡಿದು ಕೇಳಿದಳು.

ಶಮಶಾದಬಿ ಕೈಯಲ್ಲಿನ ತುತ್ತು ತಾಟಿಗೆ ಇಟ್ಟಳು. ಈ ನಗೆ ಅವಳಿಗೆ ಹೊಸದಲ್ಲ. ಇದೇ ಪಡಸಾಲೆಯಲ್ಲಿ ಹಿಂದೊಮ್ಮೆ ಕೇಳಿದ್ದಳು. ಅವಳ ಗಂಡ ಮೀರಾಸಾಬನೂ ಇಸ್ಮಾಯಿಲನ ಅಪ್ಪನೂ ಪಾಲಾದ ದಿನ. ತಮ್ಮನಿಗೆ ರಸ್ತೆಯ ಮೇಲಿನ ಈ ಮನೆ, ಅಣ್ಣನಿಗೆ ಗೊಳಸಂಗಿ ಹೊಲಮೇರೆಯ ಏನೂ ಬೆಳೆಯದ ಕಲ್ಲುಮಡ್ಡಿ. "ಅಣ್ಣ ಕಲ್ಲು ಬೇಯ್ಸಿ ಉಣ್ಣಲಿ" ಅಂತ ಆಗ ಮೈದುನ ಅಂದಿದ್ದ, ಕೂಡಿದ ಮಂದಿ ಹೀಗೇ ನಕ್ಕಿತ್ತು. ಮೀರಾಸಾಬ ಸತ್ತು ವರ್ಷಗಳಾದವು, ಮೈದುನನೂ ಹೋದ. ಆ ನಗೆ ಮಾತ್ರ ಶಮಶಾದಬಿಯ ಕಿವಿಯಲ್ಲಿ ನಿನ್ನೆಯದರ ಹಾಗೆ ಇತ್ತು.

"ನಮ್ಮ ಹುಮಾನೂ ಆಸಿಫನ ಕಾಲೇಜಿಗೇ ಹೋಗ್ತಾಳ," ಅಂದಳು. ದನಿ ಏರಿಸಲಿಲ್ಲ, ಆದರೂ ಬೀಗಿತಿಯರು ತಿರುಗಿ ನೋಡಿದರು. "ನನ್ನ ಲಿಂಬಿ ತ್ವಾಟ ಮಾರಿ ಕಳಸ್ತೇನಿ."

"ಮಾರ್ರಿ ದೊಡ್ಡವ್ವ," ಅಂದ ಇಸ್ಮಾಯಿಲ. "ನೋಡೂಣು."

*

ಮನೆಯಲ್ಲಿ ಹನೀಫ ತಲೆಗೆ ಕೈ ಹಚ್ಚಿ ಕುಳಿತ. ಆ ಮಡ್ಡಿಯ ಕಲ್ಲು ಆರಿಸಿ, ಲಿಂಬಿ ಗಿಡ ಹಚ್ಚಿ, ಕೊಡದಿಂದ ನೀರು ಹಾಕಿ ತೋಟ ಮಾಡಿದವರು ಅವನ ಅಪ್ಪ, ಅವ್ವ. ಈಗ ಅದೇ ಲಿಂಬಿಯನ್ನು ಇಂಡಿ ಪೇಟೆಗೆ ಹಾಕಿ ಅವನು ಮನೆ ನಡೆಸುತ್ತಿದ್ದ.

"ಅವ್ವಾ, ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಅಂದಂಗಾತು. ತ್ವಾಟ ಹೋದ್ರ ನಾ ಏನು ಮಾಡ್ಲಿ? ಇಸ್ಮಾಯಿಲನ ಅಂಗಡ್ಯಾಗ ಪೈಪ್ ಹೊರ್ಲೇನು?"

"ಮಗಳು ದೊಡ್ಡ ಕಾಲೇಜಿನ್ಯಾಗ ಓದಿದ್ರ ನೀ ಯಾಕ ಪೈಪ್ ಹೊರ್ತಿ?"

ಹುಮಾ ಒಳಗಿನಿಂದ ಬಂದಳು. ಅಜ್ಜಿಯ ಮೇಲೆ ಅವಳಿಗೆ ಬಂದಿದ್ದ ಸಿಟ್ಟು ಮೂಗಿನ ತುದಿಯಲ್ಲೇ ಕಾಣುತ್ತಿತ್ತು.

"ದಾದಿ, ನನ್ನ ಹೆಸರ್ಲೆ ನೀ ಜಗಳಾ ಆಡಬ್ಯಾಡ. ನಾ ಬೆಂಗಳೂರಿಗೆ ಕಳಸ್ರಿ ಅಂತ ಕೇಳೇನೇನು?"

"ಅಲ್ಲಿ ಓದಿದ್ರ ಕಂಪನಿಯವ್ರು ತಾವಾಗಿ ಬಂದು ಕರಕೊಂಡು ಹೋಗ್ತಾರಂತ. ಖರೆ ಏನ ಸುಳ್ಳ?"

"ಖರೆ. ಹೆಚ್ಚು ಬರ್ತಾವ, ದೊಡ್ಡೂ ಬರ್ತಾವ. ಇಲ್ಲಿ ಕಡಿಮಿ. ನಾ ಇಲ್ಲ ಅನ್ನೂದಿಲ್ಲ. ಆದ್ರ ಆ ಸೀಟ ನಂದಲ್ಲ ದಾದಿ, ರೊಕ್ಕದ್ದು. ವಿಜಯಪುರದ್ದು ನಂದು. ಓದಿ ತಗೊಂಡಿದ್ದು."

"ಹಂಗಂತ ಮಂದಿ ಮುಂದ ಹೇಳಿಕೋತ ಅಡ್ಡಾಡ್ತಿ?"

"ಮಂದಿ ಯಾಕ ಬೇಕು? ಮಡ್ಡಿ ತಗೊಂಡಾಗ ನಿಮ್ಮನ್ನೂ ನೋಡಿ ನಕ್ಕಿದ್ರಂತಲ್ಲ."

"ನಕ್ಕಿದ್ರು," ಅಂದಳು ಶಮಶಾದಬಿ. "ಅದಕ್ಕ ಹೇಳಾಕತ್ತೇನಿ. ನಿನ್ನ ಮುಖದ ಮುಂದ ಯಾರೂ ಇನ್ನೂ ನಕ್ಕಿಲ್ಲ. ನಗಿಸಿಕೊಂಡು ಆಮ್ಯಾಲ ಬದುಕೂದು ಹೆಂಗಿರತೈತಿ ಅಂತ ನಿನಗ ಗೊತ್ತಿಲ್ಲ. ವಿಜಯಪುರದ ಸೀಟ ಬಿಡು."

ಹುಮಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನದಿಂದ ಅಜ್ಜಿಯ ಜೊತೆ ಮಾತು ಬಿಟ್ಟಳು. ರೊಟ್ಟಿ ತಂದು ಮುಂದೆ ಇಡುವಳು, ಮುಖ ನೋಡದೆ ಹೋಗುವಳು. ಶಮಶಾದಬಿಯೂ ಸುಮ್ಮನೆ ಉಂಡಳು. ಸುಮ್ಮನಿರುವುದರಲ್ಲಿ ಆ ಮನೆಯಲ್ಲಿ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ.

*

ತೋಟಕ್ಕೆ ಹೊಂದಿಕೊಂಡ ಹೊಲ ಪಾಂಡುರಂಗರಾಯರದು. ಮುಳವಾಡದ ಏತ ನೀರಾವರಿಯ ನೀರು ಆ ಕಡೆ ಬಂದಾಗಿನಿಂದ, ಮಾರುವುದಿದ್ದರೆ ಮೊದಲು ತಮಗೇ ಹೇಳಬೇಕು ಅಂತ ಅವರು ಹೇಳಿಟ್ಟಿದ್ದರು. ಶಮಶಾದಬಿ ಗೊಳಸಂಗಿಗೆ ಅವರ ಮನೆಗೆ ಒಬ್ಬಳೇ ಹೋದಳು. ರಾಯರ ಹೆಂಡತಿ ಇಂದೂಬಾಯಿ ಚಹಾ ಕೊಟ್ಟಳು. ರಾಯರು ಚೌಕಾಸಿ ಮಾಡಲಿಲ್ಲ, ಬೆಲೆ ಕೂಡಲೇ ಒಪ್ಪಿದರು.

"ಒಂದ ಮಾತು ಅಕ್ಕಾರ," ಅಂದರು ಆಮೇಲೆ. "ಖರೀದಿ ಪತ್ರಕ್ಕ ಇಸ್ಮಾಯಿಲ ಸಾಕ್ಷಿ ಸಹಿ ಹಾಕಬೇಕು."

"ಅವಂದೇನು ಸಂಬಂಧ? ತ್ವಾಟ ನಂದು."

"ನಿಮ್ದ, ಯಾರು ಇಲ್ಲಂದ್ರು? ಆದ್ರ ನಿಮ್ಮ ಯಜಮಾನ್ರು, ಅವನ ಅಪ್ಪ ಇಬ್ಬರೂ ಬರೇ ಬಾಯಿಮಾತಿನ್ಯಾಗ ಪಾಲಾದವರು. ಕಾಗದಪತ್ರ ಮಾಡಿಕೊಳ್ಳಲಿಲ್ಲ. ಅಂವ ನಿಮ್ಮ ಭಾವಬಂದ, ಒಂದ ಮನಿತನದಾಂವ. ನಾಳೆ ಬಂದು, ಇದರಾಗ ನಂದೂ ಪಾಲೈತಿ ಅಂದ್ರ ನಾ ಕೋರ್ಟಿಗೆ ಅಡ್ಡಾಡಬೇಕು. ಈ ಊರಾಗ ಭಾವಬಂದ್ರು ಸಹಿ ಹಾಕದ ಹೊಲಾ ಯಾರೂ ಹಿಡಿಯಂಗಿಲ್ಲ. ನಿಮಗ ಗೊತ್ತಿಲ್ಲದ್ದಲ್ಲ."

ಗೊತ್ತಿತ್ತು. ಎಷ್ಟೋ ಜನರ ಮಾರಾಟ ನಿಂತದ್ದು ಅವಳು ಕಂಡಿದ್ದಳು. ಹೆಣ್ಣುಮಕ್ಕಳ ಮದುವೆಗೆ ಹೊಲ ಮಾರಲು ಹೋಗಿ, ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಕಾಲು ಹಿಡಿದವರನ್ನು ಕಂಡಿದ್ದಳು. ನಿಶ್ಚಯದ ಊಟದಲ್ಲಿ ಮಾತಾಡುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ. ಸಿಟ್ಟು ಅಷ್ಟು ಗಟ್ಟಿ ಇತ್ತು. ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಯ ಸರಳು ಹಿಡಿದುಕೊಂಡು ಕುಳಿತಳು. ಯಾರನ್ನು ಬಗ್ಗಿಸಬೇಕು ಅಂತ ತೋಟ ಮಾರಲು ಹೊರಟಿದ್ದಳೋ, ಅವನ ಹತ್ತಿರವೇ ಹೋಗಿ ತೋಟ ಮಾರಿಸಿಕೊಡು ಅಂತ ಕೇಳಬೇಕು.

ಹೋದಳು. ಆಡಿದ ಮಾತು ಹಾಗೆ ಎಳೆದುಕೊಂಡು ಹೋಯಿತು ಅನ್ನಬೇಕು.

*

ಇಸ್ಮಾಯಿಲ ಅವಳನ್ನು ಪೈಪಿನ ಸುರುಳಿಗಳ ನಡುವೆ ಸ್ಟೂಲಿನ ಮೇಲೆ ಕೂಡಿಸಿದ. ಗಿರಾಕಿ ಬಂದರು, ಹೋದರು. ಅವನು ಒಬ್ಬೊಬ್ಬರಿಗೂ, "ನಮ್ಮ ದೊಡ್ಡವ್ವ, ಸೈ ಕೇಳಾಕ ಬಂದಾರ," ಅಂತ ಹೇಳಿದ. ಚಹಾ ತರಿಸಿದ. ಅದು ಆರಿ ಕೆನೆ ಕಟ್ಟುವ ತನಕ ಮಾತೆತ್ತಲಿಲ್ಲ. ಶಮಶಾದಬಿ ಕೆನೆ ನೋಡುತ್ತ ಕುಳಿತಳು.

ಕೊನೆಗೆ ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿದ.

"ಹಾಕ್ತೇನಿ ದೊಡ್ಡವ್ವ. ಯಾಕ ಹಾಕೂದಿಲ್ಲ? ಪರಕೀಯರೇನು ನೀವು?"

"ಹಂಗಾರ ನಾಳೆ ನೋಂದಣಿ ಆಫೀಸಿಗೆ ಬಾ."

"ಬರ್ತೇನಿ. ಎರಡ ಮಾತು ಅದಾವ. ಹುಡುಗಿ ಅಲ್ಲಿ ನಮ್ಮ ಆಸಿಫನ ಮಾತು ಕೇಳಿಕೊಂಡು ಇರಬೇಕು. ಎಲ್ಲಿ ಹೋಗಬೇಕು, ಯಾರ ಸಂಗಾಟ ಮಾತಾಡಬೇಕು, ಅಂವ ಹೇಳ್ತಾನ. ನಮ್ಮ ಮನಿ ಹೆಸರಿನ ಪ್ರಶ್ನೆ."

"ಎರಡನೇದು?"

"ಯಾಸ್ಮಿನಳ ಮದಿವ್ಯಾಗ ಬೀಗರ ಮುಂದ ನೀವ ಹೇಳಬೇಕು, ಇಸ್ಮಾಯಿಲ ನಿಂತು ಹುಮಾಗ ದೊಡ್ಡ ಕಾಲೇಜು ಕೊಡಿಸಿದ ಅಂತ." ಅವನು ನಕ್ಕ. "ಸುಳ್ಳೇನಲ್ಲ. ನನ್ನ ಸೈ ಇಲ್ದ ಅಕಿ ಬೆಂಗಳೂರು ರೈಲು ಹತ್ತಂಗಿಲ್ಲಲ್ಲ."

ಪೈಪು ಅಳೆಯುತ್ತಿದ್ದ ಗಿರಾಕಿಯೊಬ್ಬನೂ ನಕ್ಕ. ಶಮಶಾದಬಿ ಅವನನ್ನು ನೋಡಿದಳು, ಇಸ್ಮಾಯಿಲನನ್ನು ನೋಡಿದಳು. ತೋಟ ಅವಳದು, ಮೊಮ್ಮಗಳು ಅವಳವಳು. ಹೆಸರು ಮಾತ್ರ ಇವನದಾಗುತ್ತಿತ್ತು. ಅದಕ್ಕೆ ಬೆಲೆಯಾಗಿ ಮಗ ಕೆಲಸವಿಲ್ಲದೆ ಕೂಡಬೇಕು, ಹುಡುಗಿ ನಾಲ್ಕು ವರ್ಷ ಆ ಪೋರ ಆಸಿಫನ ಅಂಕೆಯಲ್ಲಿರಬೇಕು.

ಮೊಣಕಾಲಿಗೆ ಕೈ ಊರಿ ಎದ್ದಳು.

"ನಿನ್ನ ಸೈ ನಿನ್ನ ಕಡೇನ ಇರ್ಲಿ. ತ್ವಾಟ ಮಾರಂಗಿಲ್ಲ."

"ಅಯ್ಯ! ಹಂಗಾರ ಬಸ್ಸಿನ ಇಂಜಿನಿಯರ್ರ?"

"ಹೌದು, ಬಸ್ಸಿನ ಇಂಜಿನಿಯರ್ರೇ."

"ನಾಕ ಮಂದ್ಯಾಗ ಮಾತು ಕೊಟ್ಟಿದ್ರಿ ದೊಡ್ಡವ್ವ. ಆ ಮಂದಿಗೆ ನಾ ಏನು ಹೇಳ್ಲಿ?"

"ದೊಡ್ಡವ್ವ ಮಾತು ತಪ್ಪಿದ್ಲು ಅಂತ ಹೇಳು. ನಿಮ್ಮಪ್ಪನಂಗ ಚಂದ ನಗಿಸಿ ಹೇಳು. ನಿನಗ ಅದು ಬರತೈತಿ."

ಚಹಾ ಮುಟ್ಟದೆ ಇಳಿದು ಬಂದಳು. ಹಿಂದೆ ಅವನು ಇನ್ನೂ ಏನೋ ಕೂಗುತ್ತಿದ್ದ. ಮೊಣಕಾಲು ಸೆಳೆಯುತ್ತಿತ್ತು, ಆದರೂ ರಿಕ್ಷಾ ಹತ್ತಲಿಲ್ಲ. ಕುಳಿತರೆ ಅಳು ಬಂದೀತು ಅನ್ನಿಸಿತು.

*

ಮನೆಯಲ್ಲಿ ಹನೀಫ ಲಿಂಬಿಯ ಚೀಲ ಹೊಲಿಯುತ್ತಿದ್ದ. ಹುಮಾ ಹೊಸ್ತಿಲ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದಳು. ಶಮಶಾದಬಿ ಅವಳ ಮುಂದೆಯೇ ನಿಂತಳು.

"ಮಾರಾಟ ಬಿಟ್ಟೆ. ಹೋಗಿ ನಿನ್ನ ಸೀಟ ಹಿಡಿ."

ಎಷ್ಟೋ ದಿನಗಳ ಮೇಲೆ ಹುಮಾ ಅವಳ ಮುಖ ನೋಡಿದಳು.

"ಹಿಡದೇನಿ."

"ಯಾವಾಗ?"

"ನೀ ರಾಯರ ಮನಿಗೆ ಹೋದ ದಿನಾನ. ಅಪ್ಪ ಬಂದು ಫೀ ಕಟ್ಟಿದ."

ಶಮಶಾದಬಿ ಮಗನ ಕಡೆ ತಿರುಗಿದಳು. ಹನೀಫನ ಕೈಯಲ್ಲಿನ ದಬ್ಬಣ ನಿಂತಿತು. ಅವ್ವನ ಎದುರು ಒಮ್ಮೆಯೂ ತಲೆ ಎತ್ತಿ ಮಾತಾಡಿದವನಲ್ಲ ಅವನು.

"ನಾ ಇಸ್ಮಾಯಿಲನ ಅಂಗಡ್ಯಾಗ ಭಿಕ್ಷುಕಿ ಕುಂತಂಗ ಕುಂತು ಬಂದೆ," ಅಂದಳು. "ನೀವು ಇಲ್ಲಿ ನನ್ನ ಬೆನ್ನ ಹಿಂದ ಎಲ್ಲಾ ಮುಗಿಸಿ ಕುಂತೀರಿ. ಅಂವ ಸೈ ಹಾಕಿದ್ರ ಏನು ಮಾಡಾಂವಿದ್ದಿ?"

"ರಾಯರ ಮನಿಗೆ ಹೋಗಿ ತಗೋಬ್ಯಾಡ್ರಿ ಅನ್ನಾಂವಿದ್ದೆ."

"ನನ್ನ ಮಾತು ಮುರದು."

"ಹೌದವ್ವ. ಮುರದು."

ದಬ್ಬಣ ಮತ್ತೆ ಚೀಲದೊಳಗೆ ಹೋಯಿತು. ಶಮಶಾದಬಿಯ ಬಾಯಿಗೆ ಬಂದದ್ದು ಬಹಳ ಇತ್ತು. ಹೆತ್ತ ಹೊಟ್ಟೆಯಿಂದ ಹಿಡಿದು ಹೊತ್ತ ಕೊಡದ ತನಕ ಎಲ್ಲವನ್ನೂ ಎತ್ತಿ ಆಡಬಹುದಿತ್ತು. ಹುಮಾ ಅದಕ್ಕೇ ತಯಾರಾಗಿ, ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು. ಆ ಬಿಗಿದ ಗದ್ದ ಶಮಶಾದಬಿಗೆ ಹಿಡಿಸಲಿಲ್ಲ, ಆದರೆ ಹುಡುಗಿ ತನಗೆ ಹೆದರಲಿಲ್ಲ ಅನ್ನುವುದು ಕಂಡಿತು.

"ಕೇಳಲಿಲ್ಲ ನನ್ನ," ಅಂದಳು.

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ."

ಶಮಶಾದಬಿ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಬೇಕೆಂದರೆ ಹುಮಾ ಏಳಬೇಕಿತ್ತು. ಎದ್ದಳು.

"ಯಾಸ್ಮಿನಳ ಮದಿವಿಗೆ ನೀನೂ ಬರಬೇಕು," ಅಂದಳು ಅಜ್ಜಿ.

"ಆ ಮನಿಗೆ? ನಾ ಯಾಕ ಬರ್ಲಿ ದಾದಿ?"

"ಬೀಗರು ಕೇಳ್ತಾರ, ಯಾವ ಕಾಲೇಜು ಅಂತ. ಇಸ್ಮಾಯಿಲ ಬೇಕಂತ ಕೇಳಸ್ತಾನ. ಅವಾಗ ನಾ ಬಾಯಿ ತೆರಿಯಂಗಿಲ್ಲ. ಮಾತು ತಪ್ಪಿದಾಕಿ ನಾನು, ನನಗ ಅಲ್ಲಿ ಬಾಯಿಲ್ಲ. ನೀನ ಹೇಳಬೇಕು."

"ಹೇಳ್ತೇನಿ."

"ನಕ್ರ?"

"ನಗ್ಲಿ. ಹೇಳ್ತೇನಿ."

"ಗಟ್ಟಿ ಹೇಳಬೇಕು. ಒಳಗ ಉಣ್ಣಾವ್ರಿಗೂ ಕೇಳಬೇಕು," ಅಂದಳು ಶಮಶಾದಬಿ. ಸೆರಗು ಸರಿಪಡಿಸಿಕೊಂಡು, ಇಬ್ಬರ ಮುಖವನ್ನೂ ನೋಡದೆ ಒಳಗೆ ಹೋದಳು.