ಜಕಾರ್ಡ್ ಇಲ್ಲದ ಮಗ್ಗ

ವೇಣುಗೋಪಾಲ್ ಇಂಜಿನಿಯರಿಗೆ ಗೊತ್ತಿದ್ದದ್ದು ಒಂದೇ ಮಂತ್ರ: ಅಡ್ಜಸ್ಟ್ ಮಾಡು. ಗೋಡೆ ಮೂಲೆಯಲ್ಲಿ ಸೇರುತ್ತಿಲ್ಲ ಸಾರ್ ಅಂದರೂ ಅಡ್ಜಸ್ಟ್ ಮಾಡು, ಮೆಟ್ಟಿಲು ಮಹಡಿಗೆ ಮುಟ್ಟುತ್ತಿಲ್ಲ ಅಂದರೂ ಅಡ್ಜಸ್ಟ್ ಮಾಡು. ಬಾಯ್ತುಂಬ ಎಲೆಯಡಿಕೆ ತುಂಬಿಕೊಂಡು, ಕಿಟಕಿಯಾಚೆ ಉಗಿಯಲು ಎದ್ದಾಗಲೆಲ್ಲ ಈ ಉಪದೇಶ. ಕಿಟಕಿಯ ಕೆಳಗಿನ ಗೋಡೆ ಕೆಂಪಗೆ ಗಬ್ಬೆದ್ದು ಹೋಗಿತ್ತು. ಆ ಗೋಡೆ ಕಂಡರೂ ಆ ಮಾತು ಕೇಳಿದರೂ ಅವನ ಆಫೀಸಿನ ಹುಡುಗಿ ವಾಣಿ ಮುಖ ತಿರುಗಿಸುತ್ತಿದ್ದಳು.

ಅವನ ಪ್ಲಾನ್ ಆಫೀಸು ಇದ್ದದ್ದು ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರ, ಜರಿ ಅಂಗಡಿಯೊಂದರ ಮೇಲೆ. ತೊಂಬತ್ತಾರನೇ ಇಸವಿ. ಊರಿನ ಮಿಕ್ಕ ಇಂಜಿನಿಯರುಗಳು ಇನ್ನೂ ಟ್ರೇಸಿಂಗ್ ಪೇಪರಿನ ಮೇಲೆ ಬಗ್ಗಿ ಗೆರೆ ಎಳೆಯುತ್ತಿದ್ದಾಗ ಇವನು ಬೆಂಗಳೂರಿನಿಂದ ಕಂಪ್ಯೂಟರ್ ತಂದಿಟ್ಟ. ಅದರೊಳಗೆ ಮನೆಯನ್ನೇ ನಿಲ್ಲಿಸಿ ತೋರಿಸುವ ಪ್ರೋಗ್ರಾಮು. ಗೋಡೆ ಎಬ್ಬಿಸಬಹುದು, ಸೂರು ಹೊದಿಸಬಹುದು, ಬಾಗಿಲಿನಿಂದ ಒಳಗೆ ಹೊಕ್ಕು ಸುತ್ತಾಡಿ ಬಂದ ಹಾಗೆ ನೋಡಬಹುದು. ತಂದಿಟ್ಟನೇ ಹೊರತು ಕೆಲಸವೆಲ್ಲ ವಾಣಿಯದು. ನೇಕಾರರ ಮನೆಯ ಹುಡುಗಿ, ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ್ದವಳು.

ಆ ಪ್ರೋಗ್ರಾಮಿಗೂ ಅದರದೇ ಹಟವಿತ್ತು. ಓರೆ ಗೋಡೆಗಳೆರಡು ಮೂಲೆಯಲ್ಲಿ ಕೂಡಬೇಕೆಂದರೆ ನಡುವೆ ಬಿರುಕು ಬಿಟ್ಟು ನಿಲ್ಲುತ್ತಿದ್ದವು. ವಾಣಿ ಎರಡನ್ನೂ ಒಂಚೂರು ಉದ್ದ ಎಳೆದು, ಒಂದರೊಳಗೊಂದು ತೂರಿಸಿ, ಹೊರಗೆ ಚಾಚಿದ್ದನ್ನು ಕತ್ತರಿಸುತ್ತಿದ್ದಳು. ಹೆಂಚಿನ ಸೂರು ಹಾಕುವುದು ಅದಕ್ಕೆ ಬರುತ್ತಲೇ ಇರಲಿಲ್ಲ. ಇವಳು ತೆಳ್ಳನೆಯ ಗೋಡೆಯೊಂದನ್ನು ಎಬ್ಬಿಸಿ, ಓರೆಯಾಗಿ ಮಲಗಿಸಿ, ಇದೇ ಸೂರು ಅಂದುಬಿಡುತ್ತಿದ್ದಳು. ಕರೆಂಟು ಹೇಳದೆ ಕೇಳದೆ ಹೋಗುವ ಊರು. ಒಂದು ಕೋಣೆ ಮುಗಿದ ಕೂಡಲೇ ಫ್ಲಾಪಿಗೆ ಹಾಕಿಡದಿದ್ದರೆ ಬೆಳಗಿನಿಂದ ಕಟ್ಟಿದ್ದೆಲ್ಲ ನೀರಲ್ಲಿ ಹೋಮ.

ಮನೆ ಕಟ್ಟಿಸುವವರಿಗೆ ತೋರಿಸುವ ಬಣ್ಣದ ಚಿತ್ರದ್ದೇ ದೊಡ್ಡ ಪೀಡೆಯಾಗಿತ್ತು. ತೆಗೆಯಲು ಹಚ್ಚಿ ಊಟಕ್ಕೆ ಹೋಗಿ ಬಂದರೂ ಅರ್ಧ ಚಿತ್ರ ಬಂದಿರುತ್ತಿರಲಿಲ್ಲ. ಅದಕ್ಕೂ ಅವಳೊಂದು ದಾರಿ ಕಂಡುಕೊಂಡಳು. ಗೋಡೆ ಒಂದು ಪದರ, ತೊಲೆ ಒಂದು ಪದರ, ಸಾಮಾನು ಒಂದು ಪದರ ಎಂದು ಬೇರೆ ಬೇರೆ ಇಟ್ಟು, ಆ ಹೊತ್ತಿಗೆ ಬೇಡದ್ದನ್ನು ಮುಚ್ಚಿಬಿಟ್ಟರೆ ಕಂಪ್ಯೂಟರ್ ಹಗುರವಾಗಿ ಓಡುತ್ತಿತ್ತು. ಮುಚ್ಚಿದ ಪದರ ಅಳಿಸಿಹೋಗುವುದಿಲ್ಲ. ಅಲ್ಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ. ಅದಕ್ಕೇ ಕೆಲಸ ಮುಗಿದ ಮೇಲೆ ಎಲ್ಲ ಪದರಗಳನ್ನೂ ತೆರೆದು ಒಂದು ಸಲ ನೋಡಲೇಬೇಕು ಎಂದು ತನಗೆ ತಾನೇ ಕಟ್ಟಲೆ ಹಾಕಿಕೊಂಡಿದ್ದಳು.

ಈ ಪದರಗಳ ವಿಷಯದಲ್ಲಿ ವೇಣುಗೋಪಾಲ್ ಅವಳಿಂದ ಕಲಿತದ್ದು ಮುಚ್ಚುವುದನ್ನು ಮಾತ್ರ. ಹಜಾರದ ನಡುವೆ ಕಂಬ ಬರುತ್ತದೆಯೋ, ಮುಚ್ಚು. ಅಡುಗೆಮನೆಯ ನೆತ್ತಿಯ ಮೇಲೆ ತೊಲೆ ಜೋತಾಡುತ್ತದೆಯೋ, ಮುಚ್ಚು. ಮನೆ ಕಟ್ಟಿಸುವವರು ಬಂದು ಬಣ್ಣದ ಚಿತ್ರ ನೋಡಿ ಕಣ್ಣರಳಿಸಿ ಹೋಗುತ್ತಿದ್ದರು. "ಕಾಣ್ದಿದ್ರೆ ಇಲ್ಲ ಅಂತ್ಲೇ ಕಣಮ್ಮ ಲೆಕ್ಕ," ಎಂದು ಇವನು ಕಿಸಕ್ಕನೆ ನಗುತ್ತಿದ್ದ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತಲ್ಲ ಎಂದು ವಾಣಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಆದರೂ ಸೋದರತ್ತೆ ಭಾಗ್ಯಮ್ಮನನ್ನು ಅದೇ ಆಫೀಸಿಗೆ ಕರೆತಂದವಳು ಅವಳೇ. ತಾನಿದ್ದೇನಲ್ಲ, ತನ್ನ ಅತ್ತೆಯ ಮನೆಗೆ ಏನು ಮೋಸವಾದೀತು ಎಂಬ ಧೈರ್ಯ. ಭಾಗ್ಯಮ್ಮ ಗಂಡ ಸತ್ತ ಮೇಲೂ ಪವರ್‌ಲೂಮ್ ನಿಲ್ಲಿಸದೆ ನೇಯಿಸಿಕೊಂಡು ಬಂದವಳು. ಹಳೇ ಹೆಂಚಿನ ಮನೆ ಸೋರುತ್ತಿತ್ತು. ಕೆರೆ ಕಡೆ ಒಂದು ಸೈಟಿತ್ತು. ಅಲ್ಲಿ ಕೆಳಗೆ ಮಗ್ಗ, ಮೇಲೆ ವಾಸ ಎಂದು ಲೆಕ್ಕ ಹಾಕಿದ್ದಳು. ಮಗ್ಗವೆಂದರೆ ಬರೀ ಮಗ್ಗವಲ್ಲ, ಅದರ ನೆತ್ತಿಯ ಮೇಲೆ ಜಕಾರ್ಡ್ ಕೂರಬೇಕು. ಸೀರೆಯ ಅಂಚು, ಸೆರಗಿನ ಹೂವು, ಎಲ್ಲ ಆ ಯಂತ್ರ ಎತ್ತಿ ಇಳಿಸುವ ದಾರಗಳಿಂದಲೇ. ಅದೂ ಸೇರಿದರೆ ಮಗ್ಗ ಹನ್ನೆರಡು ಅಡಿ ಏಳುತ್ತದೆ. ಜಕಾರ್ಡ್ ಇಲ್ಲದಿದ್ದರೆ ಹೂವಿಲ್ಲ, ಹೂವಿಲ್ಲದ ಸೀರೆ ನೇಯ್ದು ಭಾಗ್ಯಮ್ಮ ಬದುಕುವ ಹಾಗಿರಲಿಲ್ಲ.

ವಾಣಿ ಅಪ್ಪ ಲಕ್ಷ್ಮಣಪ್ಪನ ಮಗ್ಗಕ್ಕೆ ಟೇಪು ಹಿಡಿದು, ಅಳೆದು, ಕಂಪ್ಯೂಟರಿನಲ್ಲಿ ಅಂಥವೇ ನಾಲ್ಕು ಮಗ್ಗ ಕಟ್ಟಿದಳು. ಜಕಾರ್ಡಿನ ದಾರಗಳೇ ನೂರಾರು, ಯಂತ್ರ ಉಸಿರುಗಟ್ಟುತ್ತಿತ್ತು. ಅದಕ್ಕೆ ಜಕಾರ್ಡನ್ನು ಬೇರೆ ಪದರದಲ್ಲಿಟ್ಟಳು. ಸೂರು ಹದಿಮೂರು ಅಡಿಗೆ ನಿಲ್ಲಿಸಿದಳು. ಕಟ್ಟಡ ಶುರುವಾಗಿ ಗೋಡೆ ಬಾಗಿಲ ಎತ್ತರಕ್ಕೆ ಬಂದಿತ್ತು. ಅಷ್ಟರಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು, ಶಿವಗಂಗೆಯಲ್ಲಿ. ವಾಣಿ ರಜೆ ಹಾಕಿ ಹೋದಳು. ಮದುವೆ, ಬೀಗರೂಟ, ಹುಡುಗಿಯನ್ನು ಕಳಿಸಿಕೊಡುವುದು ಎಂದು ವಾರ ಮೀರಿತು.

ವಾಪಸು ಬಂದ ದಿನವೇ ಅತ್ತೆಯ ಮನೆಗೆ ಮೋಲ್ಡ್ ಹಾಕುವ ದಿನ. ಸೂರಿಗೆ ಕಾಂಕ್ರೀಟ್ ಸುರಿಯುವುದೆಂದರೆ ಈ ಕಡೆ ಸಣ್ಣ ಹಬ್ಬವೇ. ಮುಹೂರ್ತ ನೋಡಿ, ಪೂಜೆ ಮಾಡಿ, ಕೆಲಸದವರಿಗೆಲ್ಲ ಊಟ ಹಾಕಬೇಕು. ಲೈಟು ಫ್ಯಾನಿನ ಪೈಪು ಎಲ್ಲೆಲ್ಲಿ ಬರಬೇಕು ಎಂಬ ಪ್ರಿಂಟು ತೆಗೆದುಕೊಂಡೇ ಸೈಟಿಗೆ ಹೋಗೋಣವೆಂದು ವಾಣಿ ಬೆಳಿಗ್ಗೆಯೇ ಆಫೀಸಿಗೆ ಬಂದಳು. ಫೈಲು ತೆರೆದಳು. ಅಭ್ಯಾಸದಂತೆ ಎಲ್ಲ ಪದರಗಳನ್ನೂ ತೆರೆದಳು.

ಜಕಾರ್ಡು ಸೂರನ್ನು ತೂತು ಮಾಡಿಕೊಂಡು ಮಹಡಿಯ ಮನೆಯೊಳಕ್ಕೆ ಎದ್ದು ನಿಂತಿತ್ತು. ನಾಲ್ಕಕ್ಕೆ ನಾಲ್ಕು ಮಗ್ಗವೂ ಹಾಗೇ. ಸೂರಿನ ಎತ್ತರ ನೋಡಿದಳು. ಹತ್ತು ಅಡಿ.

ಅಷ್ಟರಲ್ಲಿ ವೇಣುಗೋಪಾಲ್ ಮೆಟ್ಟಿಲು ಹತ್ತಿ ಬಂದ.

"ಸಾರ್, ಇದೇನ್ ಸಾರ್ ಇದು? ಹದಿಮೂರಿತ್ತು!"

"ಓ, ಅದಾ," ಅವನು ಎಲೆಗೆ ಸುಣ್ಣ ಸವರುತ್ತ ಅಂದ. "ಮುನಿಕೃಷ್ಣನ ಹತ್ರ ಇರೋ ಸೆಂಟ್ರಿಂಗ್ ಕಂಬ ಎಲ್ಲಾ ಹತ್ತಡೀವು ಕಣಮ್ಮ. ಹದಿಮೂರಡಿಗೆ ಎಲ್ಲಿಂದ ತರ್ತಾನೆ ಅವನು? ಅಡ್ಜಸ್ಟ್ ಮಾಡ್ದೆ."

ಮುನಿಕೃಷ್ಣ ಇವನ ಭಾವಮೈದ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವ ನೀಲಗಿರಿ ಕಂಬಗಳನ್ನು ಬಾಡಿಗೆಗೆ ಕೊಡುವವನು. ಊರಿನಲ್ಲಿ ಈ ಆಫೀಸಿನಿಂದ ಎದ್ದ ಮನೆಗಳೆಲ್ಲ ಯಾಕೆ ಒಂದೇ ಎತ್ತರ ಎಂದು ವಾಣಿಗೆ ಆಗ ಹೊಳೆಯಿತು. ಥೂ, ಇಷ್ಟೇನಾ! ಗಾಳಿ ಬೆಳಕಿನ ಲೆಕ್ಕವಲ್ಲ, ಶಾಸ್ತ್ರವಲ್ಲ, ಭಾವಮೈದನ ಕಂಬದ ಉದ್ದ!

"ಅತ್ತೆ ಏನೂ ಕೇಳ್ಲಿಲ್ವಾ?"

"ಕೇಳಿದ್ರಲ್ಲ. ಮಗ್ಗ ಹಿಡಿಸುತ್ತಾ ಅಂದ್ರು, ಬಣ್ಣದ ಚಿತ್ರ ತೆಗ್ದು ಕೊಟ್ಟೆ. ಜಕಾರ್ಡ್ ಎಲ್ಲಿ ಅಂದ್ರು. ಅದನ್ನ ಹಾಕಿದ್ರೆ ಕಂಪ್ಯೂಟರಿಗೆ ಭಾರ ಆಗುತ್ತೆ, ಅದಕ್ಕೆ ತೆಗ್ದಿಟ್ಟಿದೀವಿ, ನಿಮ್ ವಾಣೀನೇ ಹಂಗೆ ಮಾಡಿರೋದು ಅಂದೆ. ಖುಷಿಯಾಗಿ ಹೋದ್ರು."

ಸುಳ್ಳಾದರೂ ಹೇಳಿದ್ದರೆ ಮುಖಕ್ಕೆ ಉಗಿಯಬಹುದಿತ್ತು. ಅವನು ಹೇಳಿದ್ದು ವಾಣಿಯದೇ ಮಾತು, ಅಕ್ಷರ ಬಿಡದ ಹಾಗೆ. ಮೆಟ್ಟಿಲಿಳಿದು, ಆಟೋ ಹತ್ತಿ ಕೆರೆ ಕಡೆ ಹೊರಟಳು.

ಸೈಟಿನಲ್ಲಿ ಸಂಭ್ರಮವೋ ಸಂಭ್ರಮ. ಮಿಕ್ಸರ್ ಮಿಷನ್ನಿಗೆ ಅರಿಶಿನ ಕುಂಕುಮ, ಚೆಂಡುಹೂವು. ಒಂದು ಕಡೆ ದೊಡ್ಡ ಪಾತ್ರೆಯಲ್ಲಿ ಹುಳಿ ಕುದಿಯುತ್ತಿತ್ತು. ಗೋಡೆಗಳ ನಡುವೆ ಕಾಡಿನಂತೆ ಒತ್ತೊತ್ತಾಗಿ ಕಂಬ, ಅದರ ಮೇಲೆ ತಗಡು ಹಲಗೆ. ಭಾಗ್ಯಮ್ಮ ತಾನೇ ನೇಯಿಸಿದ ಸೀರೆಯುಟ್ಟು ಕುಂಬಳಕಾಯಿ ಹಿಡಿದು ನಿಂತಿದ್ದಳು.

"ಬಂದ್ಯಾ ನನ್ ತಾಯಿ! ನೀನಿಲ್ದೆ ಶುರು ಮಾಡೋದು ಹೆಂಗೆ ಅಂತಿದ್ದೆ."

"ಅತ್ತೆ, ಮಿಷನ್ ಹಾಕಿಸ್ಬೇಡ. ಮುನಿಕೃಷ್ಣನ ಕಂಬದ ಉದ್ದಕ್ಕೇ ಸೂರು ಇಳ್ಸಿದಾರೆ, ನಿನ್ ಮಗ್ಗ ನಿಲ್ಲಲ್ಲ."

"ಶುಭ ಹೊತ್ತಲ್ಲಿ ಇದೇನು ನಿನ್ ಬಾಯಲ್ಲಿ? ಚಿತ್ರದಲ್ಲಿ ನಿಂತಿತ್ತಲ್ಲೇ, ನಾನೇ ನೋಡಿದೀನಿ."

ಮಾತಿನಿಂದ ಆಗುವ ಕೆಲಸವಲ್ಲ ಎಂದು ವಾಣಿಗೆ ತಿಳಿಯಿತು. ಮೇಸ್ತ್ರಿ ದೊಡ್ಡಬೀರಪ್ಪನ ಟೇಪು ಇಸಿದುಕೊಂಡು, ಬಿದಿರು ಗಳವೊಂದನ್ನು ಹನ್ನೆರಡು ಅಡಿಗೆ ಕುಯ್ಯಿಸಿದಳು. "ಇದು ನಿನ್ ಮಗ್ಗ, ಜಕಾರ್ಡ್ ಸೇರಿ," ಎಂದು ಅತ್ತೆಯ ಕೈಗೇ ಕೊಟ್ಟಳು. "ಒಳಗೆ ನಿಲ್ಸು, ನೋಡೋಣ."

ಭಾಗ್ಯಮ್ಮ ಕಂಬಗಳ ನಡುವೆ ನುಗ್ಗಿ ಗಳ ನಿಲ್ಲಿಸಲು ಹೋದಳು. ತುದಿ ತಗಡಿಗೆ ಢಣ್ ಎಂದು ಬಡಿಯಿತು. ಈ ಕಡೆ ಎಳೆದಳು, ಆ ಕಡೆ ಎಳೆದಳು. ಗಳ ಓರೆಯಾಗಿ ಒರಗಿತೇ ಹೊರತು ನೆಟ್ಟಗೆ ನಿಲ್ಲಲಿಲ್ಲ. ಅವಳ ಮುಖ ಕಪ್ಪಿಟ್ಟಿತು.

ಅಷ್ಟರಲ್ಲಿ ವೇಣುಗೋಪಾಲನ ಸ್ಕೂಟರ್ ಬಂತು, ಹಿಂದೆ ಮುನಿಕೃಷ್ಣ. ವೇಣುಗೋಪಾಲ್ ಗಳವನ್ನು ನೋಡಿದ, ವಾಣಿಯನ್ನು ನೋಡಿದ. ನಾಚಿಕೆಯೇ? ಅದನ್ನು ಅವನು ಎಲೆಯಡಿಕೆಯ ಜೊತೆ ಎಂದೋ ಉಗಿದಿದ್ದ.

"ಭಾಗ್ಯಮ್ಮನೋರೇ, ಗಾಬರಿ ಬೀಳ್ಬೇಡಿ. ಇದೆಲ್ಲಾ ಏನೂ ಅಲ್ಲ. ಮಗ್ಗ ಕೂರೋ ಕಡೆ ಮೂರಡಿ ನೆಲ ಅಗೆದುಬಿಟ್ರಾಯ್ತು. ಮಗ್ಗ ಗುಂಡೀಲಿ ಕೂರುತ್ತೆ, ಜಕಾರ್ಡ್ ಸೂರಿನ ಕೆಳಗೆ ಬರುತ್ತೆ. ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತು. ಮುಹೂರ್ತ ಮೀರ್ತಿದೆ, ಮಿಷನ್ ಹಾಕ್ಸಿ."

"ಹೂಂ, ಅಷ್ಟೇನೇ," ಅಂದ ಮುನಿಕೃಷ್ಣ.

ದೊಡ್ಡಬೀರಪ್ಪ ತಲೆಯ ಟವೆಲು ತೆಗೆದು ಕೊಡವಿದ. "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದು ಗೊಣಗಿದ. ಆದರೆ ಭಾಗ್ಯಮ್ಮ ತಡವರಿಸುತ್ತಿದ್ದಳು. ಕಬ್ಬಿಣ ಕಟ್ಟಿಯಾಗಿದೆ, ಜನ ಸೇರಿದ್ದಾರೆ, ಅನ್ನ ಬೆಂದಿದೆ. ಮುಹೂರ್ತದ ಕೆಲಸ ನಿಲ್ಲಿಸಿದರೆ ಅಪಶಕುನವೆಂದು ನಾಲ್ಕು ಮನೆಯವರು ಆಡಿಕೊಳ್ಳುತ್ತಾರೆ.

"ಹಂಗೆ ಮಾಡಿದ್ರೆ ಆಗುತ್ತೇನೇ ವಾಣಿ?" ಎಂದು ಕೇಳಿದಳು, ಆಗುತ್ತೆ ಅನ್ನು ಎಂದು ಬೇಡುವ ದನಿಯಲ್ಲಿ.

ವಾಣಿ ಗಳ ಇಸಿದುಕೊಂಡು ಹಿತ್ತಿಲ ಕಡೆ ನಡೆದಳು. ಅಲ್ಲಿ ತೊಟ್ಟಿ ಕಟ್ಟಲೆಂದು ಮೂರಡಿ ಗುಂಡಿ ತೋಡಿದ್ದರು. ಅದರೊಳಗೆ ಗಳ ಇಳಿಸಿ ಎತ್ತಿದಳು. ಎರಡಡಿ ಮೇಲಿನವರೆಗೂ ಒದ್ದೆ, ತುದಿಯಲ್ಲಿ ಕರೀ ಕೆಸರು, ನಾತ. ಕೆರೆಯ ಜವುಗು. ತಂದು ಅತ್ತೆಯ ಮುಂದೆ ಹಿಡಿದಳು.

"ನಿನ್ ಮಗ್ಗ ಇದರಲ್ಲಿ ಕೂರ್ಬೇಕಂತೆ ಅತ್ತೆ. ರೇಷ್ಮೆನೂ ಇದರಲ್ಲೇ, ನೇಯೋರ ಕಾಲೂ ಇದರಲ್ಲೇ."

ಭಾಗ್ಯಮ್ಮ ಕೆಸರು ತೊಟ್ಟಿಕ್ಕುವುದನ್ನೇ ನೋಡಿದಳು. ಅವಳ ಗಂಡನ ಅಪ್ಪ, ಕಾಲನ್ನು ಗುಂಡಿಗೆ ಇಳಿಬಿಟ್ಟು ನೇಯುವ ಗುಂಡಿ ಮಗ್ಗದಲ್ಲಿ ಕೂತು ಕೂತು, ಶೀತ ಹತ್ತಿ, ಕಾಲು ಬಾತು, ಕೊನೆಗೆ ಬಚ್ಚಲಿಗೂ ಎತ್ತಿಕೊಂಡು ಹೋಗಬೇಕಾಗಿದ್ದ ಮನುಷ್ಯ. ಆ ಕಾಲುಗಳಿಗೆ ಹರಳೆಣ್ಣೆ ತಿಕ್ಕಿದವಳು ಇವಳೇ. ಕುಂಬಳಕಾಯಿಯನ್ನು ನೆಲಕ್ಕಿಟ್ಟಳು.

"ಏನ್ ಇಂಜಿನಿಯರ್ರೇ, ನಮ್ಮೋರು ಗುಂಡಿಯಿಂದ ಎದ್ದು ಬರೋಕೆ ಎರಡು ತಲೆಮಾರು ಬೇಕಾಯ್ತು. ನಿಮ್ ಭಾಮೈದನ ಕಂಬಕ್ಕೋಸ್ಕರ ತಿರ್ಗಾ ಇಳೀಬೇಕಾ? ನಿಮ್ ಮನೆ ಹಾಳಾಗ! ಬೀರಪ್ಪಾ, ಎಲ್ಲಾ ಬಿಚ್ಚಪ್ಪ. ಉದ್ದನೇ ಕಂಬ ಎಲ್ಲಿದ್ರೂ ತರ್ಸು, ಹೊಸಕೋಟೆಯಿಂದ ಬೇಕಾದ್ರೂ ತರ್ಸು. ಏ, ಯಾರೂ ಹೋಗ್ಬೇಡ್ರೋ, ಬೆಂದಿರೋ ಅನ್ನ ಉಂಡು ಹೋಗ್ರಿ."

ವೇಣುಗೋಪಾಲ್ ವಾಣಿಯ ಕಡೆ ತಿರುಗಿದ. "ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ನಾಳೆವರ್ಗೂ ಯಾಕೆ ಸಾರ್?" ಅಂದಳು ವಾಣಿ. ಕೈಗೆ ಮೆತ್ತಿದ್ದ ಕೆಸರನ್ನು ಮರಳಿಗೆ ತಿಕ್ಕಿದಳು. ಅದರ ವಾಸನೆಗಿಂತ ಅವನ ಬಾಯಿಯ ವಾಸನೆ ಹೆಚ್ಚು ಅಸಹ್ಯವಾಗಿತ್ತು.

ಉಂಡ ಮೇಲೆ ಕೊಡೆ, ಚೀಲ ತೆಗೆದುಕೊಂಡು ಬರಲೆಂದು ಆಫೀಸಿಗೆ ಹೋದಳು. ಮೆಟ್ಟಿಲಲ್ಲೇ ವೇಣುಗೋಪಾಲನ ದನಿ ಕೇಳಿಸಿತು, ಜೇನು ಸುರಿದಂಥ ದನಿ. ಒಳಗೆ ಅವನೆದುರು ನೇಕಾರ ಕೊಂಡಪ್ಪ ಕೂತಿದ್ದ, ಅವಳ ಅಪ್ಪನ ಗೆಳೆಯ. ಕಂಪ್ಯೂಟರಿನಲ್ಲಿ ಭಾಗ್ಯಮ್ಮನದೇ ಮನೆ, ಅದೇ ಹತ್ತಡಿ ಸೂರು, ಅದರ ಕೆಳಗೆ ಅವಳು ಅಪ್ಪನ ಮಗ್ಗ ಅಳೆದು ಕಟ್ಟಿದ್ದ ಮಗ್ಗಗಳು, ತಲೆ ಕತ್ತರಿಸಿದ ಹಾಗೆ ಮೊಂಡಾಗಿ.

"ನೋಡಿ ಕೊಂಡಪ್ಪನೋರೇ, ಎಷ್ಟು ನೀಟಾಗಿ ಹಿಡಿಸಿದೆ. ಜಕಾರ್ಡ್ ಹಾಕಿದ್ರೆ ಇದಕ್ಕೆ ಭಾರ ಆಗುತ್ತೆ, ಅದಕ್ಕೆ..."

ಇನ್ನೂ ಮಧ್ಯಾಹ್ನ ಇಳಿದಿರಲಿಲ್ಲ. ಅವನ ಚಪ್ಪಲಿಗೆ ಅಂಟಿದ್ದ ಕೆರೆ ಮಣ್ಣು ಒಣಗಿರಲಿಲ್ಲ.

ವಾಣಿ ಕೊಡೆಯನ್ನು ಅಲ್ಲೇ ಬಿಟ್ಟಳು. ಮೇಜಿನ ಹತ್ತಿರ ಬಂದು, ನಿಂತ ಹಾಗೆಯೇ ಬಗ್ಗಿ, ಕೀಲಿಗಳನ್ನು ಒತ್ತಿದಳು. "ಏಯ್, ಮುಟ್ಬೇಡ!" ಎಂದು ವೇಣುಗೋಪಾಲ್ ಕೈ ಅಡ್ಡ ತಂದ. ಮುಚ್ಚುವುದೊಂದೇ ಕಲಿತಿದ್ದವನಿಗೆ ತೆರೆಯುವುದನ್ನು ತಡೆಯಲು ಬರಲಿಲ್ಲ. ತೆರೆಯ ಮೇಲೆ ಗೆರೆಗೆರೆಯಾಗಿ ಜಕಾರ್ಡ್ ಮೂಡತೊಡಗಿತು. ಎದ್ದಿತು, ಸೂರು ಮುಟ್ಟಿತು, ಸೂರು ದಾಟಿ ಮೇಲಿನ ದೇವರ ಕೋಣೆಯ ನಡುವೆ ಹೊರಟಿತು.

"ಇದೇನಮ್ಮಾ ಸೂರಲ್ಲಿ?" ಅಂದ ಕೊಂಡಪ್ಪ.

"ನಿಮ್ ಮಗ್ಗ, ಕೊಂಡಪ್ಪಣ್ಣ."

ಕೊಂಡಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ವೇಣುಗೋಪಾಲ್ ಉಗಿಯಲು ಕಿಟಕಿಯ ಕಡೆ ಎದ್ದು ಹೋದ. ಕೊಂಡಪ್ಪ ಅವನ ಬೆನ್ನನ್ನು ನೋಡಿದ, ಮತ್ತೆ ತೆರೆಯನ್ನು ನೋಡಿದ. ಆಮೇಲೆ, ವೇಣುಗೋಪಾಲ್ ಖಾಲಿ ಮಾಡಿದ ಕುರ್ಚಿಯನ್ನು ವಾಣಿಯ ಕಡೆ ಎಳೆದ.

"ಕೂತ್ಕೋ ತಾಯಿ. ಇನ್ನೇನೇನು ಮುಚ್ಚಿಟ್ಟವ್ನೆ, ಅದನ್ನೂ ತೆಗಿ."